ಪ್ರಸಾದನಿಲಯಕ್ಕೂ ಪ್ರವೇಶ ಪರೀಕ್ಷೆಯೇ?

ಮೇ ತಿಂಗಳು ಬಂತೆಂದರೆ ಮಠಗಳ ಅಂಗಳದಲ್ಲಿ ಟ್ರಂಕು ಹೊತ್ತ ತಂದೆಯರು, ಅವರ ಹಿಂದೆ ಬೆರಗುಗಣ್ಣಿನ ಹುಡುಗರು ಕಾಣಿಸಿಕೊಳ್ಳುತ್ತಾರೆ. ಗಂಡುಮಕ್ಕಳ ವಸತಿ ಪ್ರೌಢಶಾಲೆಗೆ, ಎಂಟನೆಯ ತರಗತಿಗೆ ಸೇರಿಸುವ ಕಾಲವದು. ಈಚೆಗೆ ಕೆಲವು ಕಡೆ ವರ್ಗಾವಣೆ ಪತ್ರವಷ್ಟೇ ಸಾಲದು, ಪ್ರವೇಶ ಪರೀಕ್ಷೆಯ ಅಂಕವೂ ಬೇಕು. ದಾಸೋಹದ ಮನೆಗೆ ಇದು ತಕ್ಕದ್ದಲ್ಲ ಎಂದು ನೇರವಾಗಿಯೇ ಹೇಳುತ್ತೇನೆ.

ಭಕ್ತರು ಕಣದಿಂದ ಮಠಕ್ಕೆ ಜೋಳದ ಚೀಲ ಕಳಿಸುವುದು ಬಡವರ ಮಗು ಉಂಡು ಓದಲಿ ಎಂದು. ಹೆಚ್ಚು ಅಂಕ ತೆಗೆಯುವ ಮಗುವೇ ಉಣ್ಣಲಿ ಎಂದಲ್ಲ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದ ಸುದ್ದಿಯನ್ನು ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಪ್ರಕಟಿಸಲಾಯಿತು. ಆ ಪಂಕ್ತಿಯಲ್ಲಿ ಕುಳಿತವರಲ್ಲಿ ಗಣಿತ ಬಾರದವರೆಷ್ಟು ಎಂದು ಯಾರು ಲೆಕ್ಕ ಹಾಕಿದ್ದರು?

ಅಷ್ಟಕ್ಕೂ ಈ ಪರೀಕ್ಷೆ ಅಳೆಯುವುದು ಏನನ್ನು? ನವೋದಯ, ಸೈನಿಕ, ಮೊರಾರ್ಜಿ ಶಾಲೆಗಳ ಹೆಸರಿನ ಕೋಚಿಂಗ್ ಬೋರ್ಡುಗಳು ಊರೂರಲ್ಲಿ ತೂಗುತ್ತಿವೆ. ಅಲ್ಲಿ ಫೀಸು ಕಟ್ಟಬಲ್ಲವರ ಮಗ ಪಾಸಾಗುತ್ತಾನೆ. ಹೆತ್ತವರ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಹುಡುಗ ಹೊರಗೇ ಉಳಿಯುತ್ತಾನೆ. ವಸತಿ ಬೇಕಾದದ್ದು ಅವನಿಗಲ್ಲದೆ ಇನ್ನಾರಿಗೆ? ಕಾನೂನೂ ಇದನ್ನು ಮೆಚ್ಚುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ ಶಾಲೆಗೆ ಸೇರಲು ಬಂದ ಮಗುವನ್ನು ಹೀಗೆ ಸೋಸಿ ನೋಡುವುದನ್ನು ನಿಷೇಧಿಸಿದೆ. ಅದರ ವ್ಯಾಪ್ತಿ ಎಂಟನೆಯ ತರಗತಿಯವರೆಗೂ ಇದೆ.

ಪ್ರಸಾದನಿಲಯದ ಬದುಕನ್ನು ಬಲ್ಲವರಿಗೆ ಇನ್ನೊಂದು ಮಾತು ಹೊಳೆದಿರಬೇಕು. ನಸುಕಿನಲ್ಲಿ ಗಂಟೆ, ನಲ್ಲಿಯ ಮುಂದೆ ಸಾಲು, ಹಣೆಗೆ ವಿಭೂತಿ, ಸಾಮೂಹಿಕ ಪ್ರಾರ್ಥನೆ. ಒಬ್ಬ ಕಸ ಗುಡಿಸಿದರೆ ಮತ್ತೊಬ್ಬ ಬಡಿಸುತ್ತಾನೆ. ಮೊದಲ ವಾರ ಅವ್ವನ ನೆನಪಾಗಿ ಹೊದಿಕೆಯೊಳಗೆ ಅಳುವ ಚಿಕ್ಕವನನ್ನು ಸಮಾಧಾನಪಡಿಸುವವನು ವಾರ್ಡನ್ ಅಲ್ಲ, ಪಕ್ಕದ ಹಾಸಿಗೆಯ ಹತ್ತನೆಯ ತರಗತಿಯವನು. ಸಂಜೆ ಅವನಿಗೆ ಮಗ್ಗಿ ಬಾಯಿಪಾಠ ಮಾಡಿಸುವವನೂ ಅವನೇ. ಹೇಳಿಕೊಡುತ್ತಲೇ ದೊಡ್ಡವನೂ ಕಲಿಯುತ್ತಾನೆ. ಬರೀ ಜಾಣರನ್ನೇ ಆರಿಸಿ ತುಂಬಿದರೆ ಯಾರು ಯಾರಿಗೆ ಕೈಹಿಡಿದು ಕಲಿಸಬೇಕು? ಉಳಿಯುವುದು ಊಟ ಸಹಿತ ಟ್ಯೂಷನ್ ಮನೆ.

ಇದೆಲ್ಲದರ ಹಿಂದಿರುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಫ್ಲೆಕ್ಸು. ಶೇ. 100 ಎಂದು ಬರೆಸುವ ಹಂಬಲಕ್ಕೆ ಒಂಬತ್ತರಲ್ಲಿ ತಡವರಿಸಿದವನ ಕೈಗೆ ಟಿ.ಸಿ. ಕೊಟ್ಟು ಕಳಿಸುವ ಶಾಲೆಗಳೂ ಇವೆ. ಆ ಹುಡುಗ ಎಲ್ಲಿಗೆ ಹೋದ ಎಂಬುದು ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.

ಇರುವ ಜಾಗ ಕಡಿಮೆ, ಬರುವವರು ಹೆಚ್ಚು, ಹೇಗೆ ಆರಿಸಬೇಕು ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮನೆಯನ್ನು ನೋಡಿ ಆರಿಸಬಹುದು. ತಂದೆಯಿಲ್ಲದವನು, ಗುಳೆ ಹೋಗುವವರ ಮಗ, ಹತ್ತಿರದಲ್ಲಿ ಹೈಸ್ಕೂಲು ಇಲ್ಲದ ಊರಿನವನು ಮೊದಲು. ಅರ್ಜಿಯಲ್ಲಿ ಬರೆದದ್ದು ನಿಜವೇ ಎಂದು ಆಯಾ ಊರಿನ ಹಳೆಯ ವಿದ್ಯಾರ್ಥಿಗಳು ಮನೆಗೆ ಹೋಗಿ ನೋಡಿ ಬರಲಿ. ಮಠದ ಅನ್ನ ಉಂಡವರು ಇಷ್ಟು ಮಾಡಲಾರರೇ? ಆಮೇಲೂ ಅರ್ಜಿ ಹೆಚ್ಚಾದರೆ ಎಲ್ಲರೆದುರು ಚೀಟಿ ಎತ್ತಲಿ. ಶಾಸಕರ ಶಿಫಾರಸು ಪತ್ರಕ್ಕೂ ಅಲ್ಲಿ ಕೆಲಸವಿರುವುದಿಲ್ಲ. ಮುಂದಿನ ಸಾಲಿನ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲು ಪೂಜ್ಯರು ಇದನ್ನು ಮಂಡಳಿಯ ಸಭೆಯ ಮುಂದಿಡಬೇಕೆಂದು ವಿನಂತಿ.