ಕೈದಿಯ ಮಕ್ಕಳೂ ನಮ್ಮ ಮಕ್ಕಳೇ

ಕೈದಿಗಳ ಮಕ್ಕಳ ಓದಿಗೆ ಸರ್ಕಾರ ನೆರವಾಗಬೇಕು ಎಂದ ಕೂಡಲೇ ಎದುರಾಗುವ ಪ್ರಶ್ನೆ: ‘ಕೊಲೆಯಾದವನ ಮಕ್ಕಳಿಗೆ ಏನು ಕೊಟ್ಟಿರಿ?’ ಪ್ರಶ್ನೆ ನ್ಯಾಯವಾದದ್ದೇ. ಆ ಮಕ್ಕಳಿಗೆ ಸಲ್ಲಬೇಕಾದ ಪರಿಹಾರ ತಡವಿಲ್ಲದೆ ಸಲ್ಲಲಿ. ಆದರೆ ಒಂದು ಮಗುವಿನ ತಟ್ಟೆಯಿಂದ ಅನ್ನ ಕಸಿದರೆ ಇನ್ನೊಂದು ಮಗುವಿಗೆ ನ್ಯಾಯ ಸಿಗುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ.

ಜೈಲಿನಲ್ಲಿರುವವರೆಲ್ಲ ಅಪರಾಧಿಗಳೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಯ ಪ್ರಕಾರ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಕೋರ್ಟು ತೀರ್ಪು ಕೊಡುವ ಮೊದಲೇ ಮನೆಯಲ್ಲಿ ಶಿಕ್ಷೆ ಶುರುವಾಗಿರುತ್ತದೆ. ದುಡಿಯುವವರಿಲ್ಲ, ವಕೀಲರ ಫೀಸಿಗೆ ಸಾಲ, ದೊಡ್ಡ ಹುಡುಗ ಶಾಲೆ ಬಿಟ್ಟು ಗ್ಯಾರೇಜಿಗೆ. ‘ಜೈಲಿಗೆ ಹೋದವನ ಮಗ’ ಎಂಬ ಮಾತು ಅಲ್ಲಿಗೂ ಅವನ ಬೆನ್ನು ಹತ್ತುತ್ತದೆ.

ತಾಯಂದಿರೊಂದಿಗೆ ಜೈಲಿನೊಳಗಿದ್ದ 1,764 ಮಕ್ಕಳನ್ನು ಅದೇ ವರದಿ ಲೆಕ್ಕ ಹಾಕಿದೆ. ಆ ಮಕ್ಕಳ ಊಟ, ಆರೋಗ್ಯ, ಶಿಶುವಿಹಾರಗಳ ಬಗ್ಗೆ ಸುಪ್ರೀಂ ಕೋರ್ಟ್ 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸ್ಪಷ್ಟ ನಿರ್ದೇಶನ ಕೊಟ್ಟಿತು. ಆರು ವರ್ಷ ತುಂಬಿದ ಮೇಲೆ ಮಗು ಹೊರಗೆ ಬರಲೇಬೇಕು. ಹೊರಗೆ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕ ಮಾತ್ರ ಆ ವರದಿಯಲ್ಲಿಲ್ಲ. ಅಜ್ಜಿಯ ಕೂಲಿ ನಂಬಿಕೊಂಡು, ಚಿಕ್ಕಪ್ಪನ ಮನೆಯಲ್ಲಿ ಬೈಸಿಕೊಂಡು ಬೆಳೆಯುವ ಹದಿಹರೆಯದವರು ಯಾವ ಕಾಲಮ್ಮಿನಲ್ಲೂ ಇಲ್ಲ.

ಅವರನ್ನು ಹುಡುಕಿಕೊಂಡು ಹೋಗುತ್ತಿರುವುದು ಸಣ್ಣ ಸಂಸ್ಥೆಗಳು. ಬೆಂಗಳೂರಿನ ಸೋಕೇರ್ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕೈದಿಗಳ ಮಕ್ಕಳಿಗೆ ಆಸರೆ ಕೊಟ್ಟು ಓದಿಸುತ್ತ ಬಂದಿದೆ. ಇಂಥ ಕೆಲಸವನ್ನು ವೇದಿಕೆಯ ಮೇಲೆ ಶಾಲು ಹೊದಿಸಿ ಹೊಗಳುವುದು ಸುಲಭ. ಹೊಗಳಿ, ಸರ್ಕಾರದ ಹೊಣೆಯನ್ನೂ ಅವರ ಹೆಗಲಿಗೇ ಹಾಕಿ ಎದ್ದು ಹೋಗುವುದು ಇನ್ನೂ ಸುಲಭ. ಹದಿನೈದರ ಹುಡುಗಿಗೆ ನೋಟ್‌ಬುಕ್, ಸಮವಸ್ತ್ರ ಕೊಟ್ಟರೆ ಮುಗಿಯಲಿಲ್ಲ. ಅಮ್ಮನನ್ನು ನೋಡಲು ಜೈಲಿಗೆ ಹೋಗುವಾಗ ಜೊತೆಗೊಬ್ಬರು ಬೇಕು. ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯುವವರು ಬೇಕು. ಅವಳು ಅತ್ತರೆ ಕೇಳಿಸಿಕೊಳ್ಳುವವರು ಬೇಕು. ವರ್ಷಗಟ್ಟಲೆ ನಡೆಯುವ ಈ ಕೆಲಸ ದಾನಿಗಳ ಕನಿಕರವೊಂದನ್ನೇ ನೆಚ್ಚಿಕೊಂಡು ಸಾಗದು.

ದಾರಿ ಇಲ್ಲದೇ ಇಲ್ಲ. ದೆಹಲಿ ಸರ್ಕಾರ ಈ ಮಕ್ಕಳಿಗೆಂದೇ 2014ರಲ್ಲಿ ಯೋಜನೆ ತಂದಿತು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ, ಪೋಷಕರು ಸಾಕಲಾಗದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶವಿದೆ. ಬಂಧನದ ಸುದ್ದಿಯನ್ನು ಬಂಧುಗಳಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಮನೆಯಲ್ಲಿ ಮಕ್ಕಳಿದ್ದಾರೆಯೇ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದನ್ನೂ ಅದರೊಂದಿಗೆ ಕಡ್ಡಾಯ ಮಾಡಲಿ. ಆ ವಿವರ ವಾರದೊಳಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಲುಪಲಿ. ಅಜ್ಜಿಯ ಖಾತೆಗೆ ಹಣ ಬರಲಿ, ಮನೆಬಾಗಿಲಿಗೆ ಹೋಗುವ ಕಾರ್ಯಕರ್ತೆಗೆ ಸಂಬಳ ಸಿಗಲಿ.