ಮೊದಲ ದಿನದ ಸೂಜಿಯನ್ನು ಕೇಳಿ ಹಾಕಿಸಿ

ಮಂಗೋರ್ ಹಿಲ್‌ನ ಅಕ್ಕಂದಿರೇ, ಅಣ್ಣಂದಿರೇ,

2020ರ ಜೂನ್‌ನಲ್ಲಿ ವಾಸ್ಕೋದ ಈ ಗುಡ್ಡ ಗೋವಾದ ಮೊದಲ ಕಂಟೈನ್‌ಮೆಂಟ್ ವಲಯವಾಯಿತು. ಆಗ ಕೊರೊನಾಕ್ಕೆ ಲಸಿಕೆಯೇ ಇರಲಿಲ್ಲ, ಯಾರನ್ನು ದೂರುವುದು? ಹೆಪಟೈಟಿಸ್ ಬಿ ವಿಷಯದಲ್ಲಿ ಆ ನೆಪವಿಲ್ಲ. ಲಸಿಕೆ 1980ರ ದಶಕದಿಂದಲೇ ಇದೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ನಮ್ಮ ದೇಶದಲ್ಲೇ ತಯಾರಿಸಿ ಅಗ್ಗ ಮಾಡಿತು. 2011ರಿಂದ ಸರ್ಕಾರ ದೇಶದ ಎಲ್ಲ ಕೂಸುಗಳಿಗೂ ಪುಕ್ಕಟೆ ಕೊಡುತ್ತಿದೆ. ಇಷ್ಟಾದರೂ ಒಂದು ಮಗುವಿಗೆ ಅದು ತಪ್ಪಿದರೆ ಹಣೆಬರಹ ಅನ್ನಬೇಡಿ. ಅದು ನಮ್ಮ ಅಸಡ್ಡೆ.

ದೊಡ್ಡವರಿಗೆ ಈ ವೈರಸ್ ತಗುಲಿದರೆ ಹೆಚ್ಚಿನವರ ಮೈ ತಾನೇ ಅದನ್ನು ಗೆಲ್ಲುತ್ತದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟಿದರೆ ಹಾಗಲ್ಲ. ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಬೇರೂರುತ್ತದೆ. ಮಗು ಆಡುತ್ತದೆ, ಶಾಲೆಗೆ ಹೋಗುತ್ತದೆ, ಏನೂ ಗೊತ್ತಾಗುವುದಿಲ್ಲ. ಮುಂದೆ ಮನೆಯ ಭಾರ ಹೊರುವ ವಯಸ್ಸಿನಲ್ಲಿ ಲಿವರ್ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಬಹುದು. ಕ್ಯಾನ್ಸರ್ ಕೂಡ ಆಗಬಹುದು. ಆ ಹೊತ್ತಿಗೆ ಕಾಮಾಲೆಯ ನಾಟಿ ಬೇರು ಅರೆದು ಕುಡಿಸಿ ಫಲವಿಲ್ಲ.

ಹುಟ್ಟಿದ 24 ಗಂಟೆಯೊಳಗೆ ತೊಡೆಗೆ ಅರ್ಧ ಎಂ.ಎಲ್. ಲಸಿಕೆ, ಆಮೇಲೆ 6, 10, 14ನೇ ವಾರಕ್ಕೆ ಇದೇ ಲಸಿಕೆ ಸೇರಿರುವ ಪೆಂಟಾವೇಲೆಂಟ್ ಸೂಜಿ. ಇಷ್ಟೇ ಕೆಲಸ. ನಮ್ಮಲ್ಲಿ ಇದು ತಪ್ಪುವುದು ದಾರಿಯಲ್ಲಿ. ಹೆರಿಗೆಗೆಂದು ಕೊಪ್ಪಳಕ್ಕೋ ಬಾಗಲಕೋಟೆಗೋ ತವರಿಗೆ ಹೋಗುತ್ತೇವೆ. ಬಾಣಂತನ ಮುಗಿಸಿ ಗೋವಾದ ಬಸ್ಸು ಹತ್ತುವಾಗ ತಾಯಿ ಕಾರ್ಡ್ ಅವ್ವನ ಟ್ರಂಕಿನಲ್ಲೇ ಉಳಿಯುತ್ತದೆ. "ಹಸಿಗೂಸಿಗೆ ಸೂಜಿ ಬ್ಯಾಡ" ಅನ್ನುವ ಹಿರಿಯರೂ ಇದ್ದಾರೆ. ಅವರಿಗೆ ಕೈಮುಗಿಯಿರಿ, ಆದರೆ ಸೂಜಿ ಹಾಕಿಸಿ.

ಬಸುರಿಯ ರಕ್ತಪರೀಕ್ಷೆ ಮಾಡಿಸಿ. ಸೋಂಕು ಕಂಡರೆ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಕೂಸಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬುಲಿನ್ ಚುಚ್ಚುಮದ್ದೂ ಬೇಕು. ಲಸಿಕೆ ಹಾಕಿದ ಕೂಸಿಗೆ ಆಕೆ ಎದೆಹಾಲು ಕೊಡಬಹುದು. ಜೊತೆಗೆ ಕೂತು ಉಂಡರೆ, ತಬ್ಬಿಕೊಂಡರೆ ಈ ರೋಗ ಅಂಟುವುದಿಲ್ಲ. ಅವಳ ತಟ್ಟೆಯನ್ನು ಬೇರೆ ಇಡುವ ಮನೆ ನಮ್ಮದಾಗದಿರಲಿ.

ಗಂಡಸರೇ, ಒಂದು ದಿನದ ಕೂಲಿ ಹೋದರೆ ಹೋಗಲಿ, ಕೂಸನ್ನು ಎತ್ತಿಕೊಂಡು ನೀವೂ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಾರ್ಡ್ ಕಳೆದಿದ್ದರೂ ಹೋಗಿ. ಆಧಾರ್ ವಿಳಾಸ ಯಾವ ಊರಿನದಾದರೂ ಈ ಲಸಿಕೆ ಕೂಸಿನ ಹಕ್ಕು. ಯಾರಾದರೂ ನಾಳೆ ಬಾ ಅಂದರೆ, ಇವತ್ತೇ ಹಾಕಿ ಎಂದು ಅಲ್ಲೇ ನಿಂತು ಕೇಳಿ.