ಮರಳಿಗೆ ನೀರೇ ಜರಡಿ

ಮನೆ ಕಟ್ಟಿಸುವವನ ಅಂಗಳದಲ್ಲಿ ಮರಳಿನ ರಾಶಿ ಬಿದ್ದೊಡನೆ ಅನುಭವಸ್ಥನಾದ ಮೇಸ್ತ್ರಿ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾನೆ. ಕೈಗೆ ಮಣ್ಣು ಮೆತ್ತಿಕೊಂಡರೆ ಅವನಿಗೆ ಶಂಕೆ ಹುಟ್ಟುತ್ತದೆ. ಕಾಳುಗಳ ಮೇಲೆ ಜೇಡಿಯ ಲೇಪವಿದ್ದರೆ ಸಿಮೆಂಟು ಅವುಗಳನ್ನು ಬಿಗಿಯಾಗಿ ಹಿಡಿಯಲಾರದು, ಗಾರೆ ದುರ್ಬಲವಾಗುತ್ತದೆ. ಈ ಶಂಕೆಯನ್ನು ಪರಿಹರಿಸಲು ಗಾಜಿನ ಜಾಡಿಯೊಂದು ಸಾಕು.

ಮರಳನ್ನು ನೀರಿನಲ್ಲಿ ಕಲಕಿ ಬಿಟ್ಟರೆ ದಪ್ಪ ಕಾಳುಗಳು ಕ್ಷಣಮಾತ್ರದಲ್ಲಿ ತಳ ಸೇರುತ್ತವೆ. ಜೇಡಿಯ ಕಣಗಳು ಗಂಟೆಗಟ್ಟಲೆ ತೇಲಾಡಿ ನೀರನ್ನು ಬಗ್ಗಡವಾಗಿಯೇ ಇರಿಸುತ್ತವೆ. ಇದರ ಹಿಂದಿನ ಗಣಿತವನ್ನು ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದರು. ಕಣದ ವ್ಯಾಸ ಇಮ್ಮಡಿಯಾದರೆ ಅದು ಇಳಿಯುವ ವೇಗ ನಾಲ್ಮಡಿಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು 0.05 ಮಿಲಿಮೀಟರಿನ ಕಣಕ್ಕೆ ಸುಮಾರು 45 ಸೆಕೆಂಡು ಬೇಕು, 0.002 ಮಿಲಿಮೀಟರಿನ ಜೇಡಿ ಕಣಕ್ಕೋ ಹೆಚ್ಚುಕಡಿಮೆ 8 ಗಂಟೆ! ಕಣ್ಣಿಗೆ ಕಾಣದ ಕಣವನ್ನು ಹೀಗೆ ಗಡಿಯಾರದಿಂದ ಅಳೆಯಬಹುದು.

ಆದರೆ ಈ ಸೂತ್ರಕ್ಕೂ ಒಂದು ಮೇರೆಯುಂಟು. ಸುಮಾರು 0.1 ಮಿಲಿಮೀಟರಿಗಿಂತ ದಪ್ಪನಾದ ಕಾಳು ರಭಸದಿಂದ ಇಳಿಯುವಾಗ ನೀರು ಒಡ್ಡುವ ತಡೆ ಸೂತ್ರದ ಲೆಕ್ಕವನ್ನು ಮೀರುತ್ತದೆ. 1 ಮಿಲಿಮೀಟರಿನ ಕಾಳು ಸೆಕೆಂಡಿಗೆ 90 ಸೆಂಟಿಮೀಟರ್ ಇಳಿಯಬೇಕೆಂದು ಸೂತ್ರ ಹೇಳಿದರೂ ವಾಸ್ತವದಲ್ಲಿ ಅದು ಇಳಿಯುವುದು 10ರಿಂದ 15 ಸೆಂಟಿಮೀಟರ್ ಮಾತ್ರ. ಆದ್ದರಿಂದ ದಪ್ಪ ಮರಳನ್ನು ಜರಡಿಯಿಂದ ಅಳೆಯುತ್ತಾರೆ. ಇಲ್ಲವೇ ಎತ್ತರವಾದ ನೀರಿನ ಕೊಳವೆಯಲ್ಲಿ ಬಿಟ್ಟು, ಪ್ರಯೋಗದಿಂದ ಕಂಡುಕೊಂಡ ವೇಗಗಳೊಡನೆ ಹೋಲಿಸುತ್ತಾರೆ.

ಮನೆ ಕಟ್ಟುವವನಿಗೆ ಇಷ್ಟು ಸೂಕ್ಷ್ಮ ಬೇಕಿಲ್ಲ. ಅಳತೆಯ ಗೆರೆಗಳುಳ್ಳ ಜಾಡಿಯಲ್ಲಿ 50 ಮಿಲಿಲೀಟರ್ ಉಪ್ಪುನೀರು ಹಾಕಿ, 100ರ ಗೆರೆಯವರೆಗೆ ಮರಳನ್ನು ತುಂಬಿ, ಮತ್ತೆ 150ರ ಗೆರೆಯವರೆಗೆ ಉಪ್ಪುನೀರನ್ನು ಸುರಿದು, ಚೆನ್ನಾಗಿ ಕುಲುಕಿ 3 ಗಂಟೆ ಅಲುಗಿಸದೆ ಇಡಬೇಕು. ನೀರಿಗೆ ಶೇಕಡಾ 1ರಷ್ಟು ಉಪ್ಪು ಸಾಕು. ಅದು ಜೇಡಿಯ ಕಣಗಳನ್ನು ಒಟ್ಟುಗೂಡಿಸಿ ಬೇಗ ಇಳಿಸುತ್ತದೆ. ಕೆಳಗೆ ಮರಳು, ಅದರ ಮೇಲೆ ನುಣ್ಣನೆಯ ಮಣ್ಣು ಬೇರೆ ಬೇರೆ ಪದರಗಳಾಗಿ ಕಾಣುತ್ತವೆ. ಮಣ್ಣಿನ ಪದರದ ದಪ್ಪ ಮರಳಿನ ಪದರದ ಶೇಕಡಾ 8ನ್ನು ಮೀರಿದರೆ ಆ ಮರಳನ್ನು ತೊಳೆಯದೆ ಬಳಸಬಾರದು.

ತೊಳೆಯುವ ಒಂದು ದಿನದ ಶ್ರಮಕ್ಕೆ ಹಿಂಜರಿದವನು ಗೋಡೆಯ ಬಿರುಕುಗಳನ್ನು ವರ್ಷಗಟ್ಟಲೆ ನೋಡುತ್ತ ಕೂರಬೇಕಾದೀತು.